ಕೈಗುಣ

ಮೈಸೂರಿನ ಯಾದವಗಿರಿಯಲ್ಲಿ 1960ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿಕೊಂಡ ಐಡಿಯಲ್ ಜಾವಾ ಕಾರ್ಖಾನೆಯ ಸಂತಾನಗಳಲ್ಲಿ ಒಂದು, ದಾದರಿನ ಹಿಂದೂ ಕಾಲೊನಿಯ ನಮ್ಮ ಕಟ್ಟಡದ ಕೆಳಗೆ, ಸೊಸೈಟಿಯ ನೀರಿನ ಪಂಪಿನ ಪಕ್ಕದಲ್ಲಿ ಮಗ್ಗುಲಿಗೆ ವಾಲಿ ನಿಂತಿರುತ್ತದೆ. ಯೆಜ್ಡಿ ರೋಡ್‌ಕಿಂಗ್. ಸೋದರಮಾವ ರಿಟೈರಾಗಿ ಊರಿಗೆ ಹೊರಟಾಗ ಕಣ್ತುಂಬ ನೀರು ತಂದುಕೊಂಡು ಅದರ ಕೀಲಿಯನ್ನು ನನ್ನ ಕೈಯಲ್ಲಿಟ್ಟರು. ಅದು ಆನಂದಬಾಷ್ಪ ಎಂದು ತಿಳಿಯಲು ನನಗೆ ಒಂದು ಮಳೆಗಾಲ ಹಿಡಿಯಿತು.

ಸ್ಟಾರ್ಟ್ ಆಗಲು ಗಾಡಿ ಎಂದೂ ತಕರಾರು ಮಾಡಿದ್ದಲ್ಲ. ಮೋಸ ಇದ್ದದ್ದೇ ಅಲ್ಲಿ. ಕಿಕ್ಕೂ ಗೇರೂ ಒಂದೇ ಆಗಿರುವ ಅದರ ವಿಚಿತ್ರ ಲಿವರನ್ನು ಮೇಲಕ್ಕೆ ತಿರುಗಿಸಿ ಒಂದು ಒದೆ ಕೊಟ್ಟರೆ ಸಾಕು, ಎರಡೂ ಸೈಲೆನ್ಸರಿನಿಂದ ನೀಲಿ ಹೊಗೆ ಉಗುಳಿ, ಒಂದನೇ ಮಹಡಿಯ ಆಜಿಯವರ ಕಿಟಕಿಯನ್ನು ದಢಾರನೆ ಮುಚ್ಚಿಸಿ, ಗುಡುಗುಡು ಶುರುವಾಗುತ್ತಿತ್ತು. ಕಾಲೊನಿಯ ಮರಗಳ ಕೆಳಗೆ ರಾಜಗಾಂಭೀರ್ಯದಿಂದ ಸಾಗುತ್ತಿತ್ತು. ತಿಲಕ್ ಬ್ರಿಜ್ ಹತ್ತಿ ನೆತ್ತಿಗೆ ಬರುತ್ತಿದ್ದಂತೆ ಕೆಮ್ಮಿ ಕೆಮ್ಮಿ ನಿಂತೇ ಬಿಡುತ್ತಿತ್ತು. ಹಿಂದೆ ಬೆಸ್ಟ್ ಬಸ್ಸು, ಅದರ ಹಿಂದೆ ಹಾರ್ನ್ ಒತ್ತುವ ಟ್ಯಾಕ್ಸಿಗಳು, ಪಕ್ಕದಲ್ಲಿ ಫೂಲ್ ಮಾರ್ಕೆಟ್ಟಿನಿಂದ ಚೆಂಡುಹೂವಿನ ಗಂಟು ಹೊತ್ತು ನನ್ನನ್ನು ಸುತ್ತುಬಳಸಿ ಹೋಗುವವರು. ಬ್ರಿಜ್ ಕೆಳಗೆ ಸೆಂಟ್ರಲ್, ವೆಸ್ಟರ್ನ್ ಎರಡೂ ಲೈನಿನ ಲೋಕಲ್‌ಗಳು ನನ್ನನ್ನು ಹಂಗಿಸುವಂತೆ ಓಡುತ್ತಿದ್ದವು.

ಮುಂಬಯಿಯಲ್ಲಿ ಯಾರಿಗೂ ಪುರುಸೊತ್ತಿಲ್ಲ ಎನ್ನುವವರು ಬ್ರಿಜ್ ಮೇಲೆ ಗಾಡಿ ನಿಲ್ಲಿಸಿಕೊಂಡು ನೋಡಬೇಕು. ಸ್ಕೂಟರಿನವನೊಬ್ಬ "ಪ್ಲಗ್ ನಿಕಾಲೋ" ಅಂದ. ಬಿಚ್ಚಿ, ಪ್ಯಾಂಟಿಗೆ ಒರೆಸಿ ಹಾಕಿದೆ. ಸ್ಟಾರ್ಟ್ ಆಯಿತು! ಇನ್ನೊಮ್ಮೆ ಯಾರೋ ಎಡಕ್ಕೆ ವಾಲಿಸಿ ಚೆನ್ನಾಗಿ ಅಲುಗಾಡಿಸಲು ಹೇಳಿದರು. ಅದೂ ಫಲಿಸಿತು. ಪಾರ್ಸಿ ಕಾಲೊನಿ ಕಡೆಯಿಂದ ವಾಕಿಂಗ್ ಬಂದ ಮುದುಕರೊಬ್ಬರು ಮಾತ್ರ ಸಲಹೆ ಕೊಡಲೇ ಇಲ್ಲ. ಮೈಸೂರಿಗೆ ಹೋಗಿ ಕಾರ್ಖಾನೆ ಕಟ್ಟಿದ ಇರಾನಿಯವರ ಬಗ್ಗೆ, ತಮ್ಮ ಹರೆಯದ ಜಾವಾ ಬಗ್ಗೆ, ಅದರ ಹಿಂದಿನ ಸೀಟಿನಲ್ಲಿ ಕೂತವರ ಬಗ್ಗೆ ಸಾವಕಾಶವಾಗಿ ಹೇಳಿ ಮುಗಿಸಿ, ಟ್ಯಾಂಕನ್ನೊಮ್ಮೆ ಸವರಿ, "ಅಬ್ ಕಿಕ್ ಮಾರೋ" ಅಂದರು. ಒಂದೇ ಕಿಕ್ಕಿಗೆ ಹೊರಟಿತು. ಕೈಗುಣ ಅಂದರೆ ಇದು ಎಂದುಕೊಂಡು ಮನಸ್ಸಿನಲ್ಲೇ ಕೈಮುಗಿದೆ.

ಸಲಹೆ ಏನೇ ಇರಲಿ, ಎಲ್ಲರ ತೀರ್ಪೂ ಒಂದೇ: "ಕಾರ್ಬೊರೇಟರ್ ಮೇ ಕಚರಾ ಹೈ." ಮೆಕ್ಯಾನಿಕ್‌ಗಳ ಪಾಲಿಗೆ ಕಚರಾ ಎಂದರೆ ಡಾಕ್ಟರುಗಳ ಪಾಲಿನ 'ವೈರಲ್' ಇದ್ದ ಹಾಗೆ, ಹೇಳಿದ ಮೇಲೆ ಮರುಪ್ರಶ್ನೆ ಇಲ್ಲ. ಮೂರನೇ ಮಹಡಿಯ ನಿವೃತ್ತ ಇಂಜಿನಿಯರರು ಇದಕ್ಕೆ ಶಾಸ್ತ್ರಾಧಾರವನ್ನೂ ಒದಗಿಸಿದರು. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್, ಎಥನಾಲಿಗೆ ನೀರಿನ ದಾಹ, ದಾದರಿನ ಗಾಳಿಯಲ್ಲಿ ನೀರಿಗೇನು ಬರ!

ನಾನೂ ಓದಿಕೊಂಡೆ. ನಿಂತ ಪೆಟ್ರೋಲ್ ಆರಿ ಅಂಟಾಗುತ್ತದೆ. ಪೈಲಟ್ ಜೆಟ್ಟಿನ ತೂತು ಅರ್ಧ ಮಿಲಿಮೀಟರಿಗೂ ಸಣ್ಣದು. ಅದು ಕಟ್ಟಿಕೊಂಡರೆ ಗಾಡಿ ಐಡ್ಲಿಂಗ್‌ನಲ್ಲಿ ನಿಲ್ಲುವುದಿಲ್ಲ. ಮೇನ್ ಜೆಟ್ ಕಟ್ಟಿಕೊಂಡರೆ ಆಕ್ಸಿಲರೇಟರ್ ತಿರುಗಿಸಿದಾಗ ಮುಗ್ಗರಿಸುತ್ತದೆ. ಫ್ಲೋಟಿನ ನೀಡಲ್ ಸರಿಯಾಗಿ ಕೂರದಿದ್ದರೆ ಪೆಟ್ರೋಲ್ ಉಕ್ಕಿ ಸೋರುತ್ತದೆ. ನಮ್ಮ ಗಾಡಿಯ ಜಾತಕ ಈ ಮೂರಕ್ಕೂ ಕೂಡಿಬರುತ್ತಿರಲಿಲ್ಲ. ಆದರೂ ಕಾರ್ಬೊರೇಟರಿಗೇ ಕೈಹಾಕಿದೆ. ನನ್ನ ಸ್ಪ್ಯಾನರಿಗೆ ಮರ್ಯಾದೆ ಕೊಟ್ಟು ಬಿಚ್ಚಿ ಬರುತ್ತಿದ್ದುದು ಅದೊಂದೇ.

ಹಳೆಯ 'ಕರ್ನಾಟಕ ಮಲ್ಲ' ಹಾಸಿ, ಬಿಚ್ಚಿದ್ದನ್ನೆಲ್ಲ ಸಾಲಾಗಿ ಜೋಡಿಸಿದೆ. ಏರ್ ಸ್ಕ್ರೂ ಬಿಚ್ಚುವ ಮೊದಲು ಅದು ಎಷ್ಟು ಸುತ್ತು ಹೊರಗಿದೆ ಎಂದು ಎಣಿಸಿಕೊಳ್ಳಬೇಕು ಎಂಬುದು ಬಿಚ್ಚಿದ ಮೇಲೆ ನೆನಪಾಯಿತು. ಸ್ಲೈಡಿನ ಸೂಜಿಗೆ ಸಿಕ್ಕಿಸಿದ ಸಾಸಿವೆ ಗಾತ್ರದ ಕ್ಲಿಪ್ಪು ಟಿಣ್ಣನೆ ಹಾರಿ ಸೊಸೈಟಿ ಸೆಕ್ರೆಟರಿಯವರ ಕಾರಿನ ಅಡಿ ಸೇರಿತು. ನಾನು ಅಂಗಾತ ಮಲಗಿ, ತೆವಳಿ, ಟಾರ್ಚ್ ಹಿಡಿದು ಹುಡುಕುತ್ತಿದ್ದಾಗಲೇ ಅವರು ಆಫೀಸಿಗೆ ಹೊರಟು ಬಂದರು. ಅವರ ಬೂಟುಗಳಿಗೆ ಗುಡ್ ಮಾರ್ನಿಂಗ್ ಹೇಳಿದೆ. ಮುಂದಿನ ಮೀಟಿಂಗಿನ ಅಜೆಂಡಾದಲ್ಲಿ 'ಪಾರ್ಕಿಂಗ್ ಜಾಗದ ದುರುಪಯೋಗ' ಸೇರಿತು.

ಜೆಟ್ಟುಗಳು ಹಿತ್ತಾಳೆಯವು. ಹಿತ್ತಾಳೆಗೆ ಮದ್ದು ಏನೆಂದು ನಮ್ಮ ಮನೆಯ ದೇವರ ದೀಪಗಳನ್ನು ಕೇಳಿದರೆ ಸಾಕು. ಹುಣಸೆಹಣ್ಣು! ಬಿಸಿನೀರಿನಲ್ಲಿ ಒಂದು ದೊಡ್ಡ ಉಂಡೆ ಕಿವುಚಿ, ಜೆಟ್ಟುಗಳ ಜೊತೆಗೆ ಕಾರ್ಬೊರೇಟರನ್ನೂ ಇಡಿಯಾಗಿ ಮುಳುಗಿಸಿದೆ. "ರೀ, ಅದನ್ನ ಅಡುಗೆಮನೆ ಒಳಗೆ ತಂದರೆ ನಾನು ಹೊರಗೆ ಹೋಗ್ತೀನಿ," ಎಂದಳು ಹೆಂಡತಿ. ಬಾಲ್ಕನಿಯಲ್ಲೇ ನೆನೆಸಿದೆ. ಜೆಟ್ಟುಗಳು ಥಳಥಳ ಹೊಳೆದವು. ಹಿತ್ತಾಳೆಯದಲ್ಲದ ಕಾರ್ಬೊರೇಟರಿನ ಮೈ ಮಾತ್ರ ಕಪ್ಪಿಟ್ಟಿತು. ತೃಪ್ತಿ ಸಾಲದೆ ಜೆಟ್ಟಿಗೆ ಗುಂಡುಸೂಜಿಯನ್ನೂ ತೂರಿಸಿದೆ. ಹಿತ್ತಾಳೆ ಮೆತ್ತಗಿನ ಲೋಹ, ಉಕ್ಕು ತಾಗಿದರೆ ತೂತು ಅಗಲವಾಗಿ ಪೆಟ್ರೋಲ್ ದುಂದಾಗುತ್ತದೆ ಎಂದು ಪುಸ್ತಕದಲ್ಲಿತ್ತು, ಮುಂದಿನ ಪುಟದಲ್ಲಿ.

ಎಲ್ಲ ಜೋಡಿಸಿ, ಟ್ಯಾಂಕಿನ ಮುಚ್ಚಳ ತೆಗೆದು ಪೆಟ್ರೋಲ್ ನೋಡಿ, ಲೀಟರಿಗೆ 40 ಮಿಲಿಯಂತೆ ಆಯಿಲ್ ಸುರಿದು ಹೊರಟೆ. ಬ್ರಿಜ್ ದಾಟಿತು! ಕಬೂತರ್‌ಖಾನಾ, ಶಿವಾಜಿ ಪಾರ್ಕ್, ಮಾಹಿಮ್ ಎಲ್ಲ ದಾಟಿ ಬಾಂದ್ರಾ ಮುಟ್ಟಿತು. ಗೆದ್ದೆನೆಂದು ಟ್ಯಾಂಕ್ ಫುಲ್ ಮಾಡಿಸಿದ ಮರುದಿನ ಮತ್ತೆ ಬ್ರಿಜ್ಜಿನ ನೆತ್ತಿ. ಮತ್ತೆ ಹುಣಸೆ. ಒಗ್ಗರಣೆಯೊಂದು ಬಾಕಿ ಎಂದು ಹೆಂಡತಿ ಗೊಣಗುವಷ್ಟು ಸಲ ಹುಣಸೆ.

ಗುಟ್ಟು ಒಡೆದದ್ದು ಪೆಟ್ರೋಲ್ ಪಂಪಿನ ಹುಡುಗ. ನಿಂತ ಗಾಡಿಯನ್ನು ತಳ್ಳಿಕೊಂಡು ಹೋಗಿದ್ದೆ. ಅವನು ಮುಚ್ಚಳ ತಿರುವಿದ್ದೇ ತಡ, ಟ್ಯಾಂಕು ಫುಸ್ಸೆಂದು ದೀರ್ಘವಾಗಿ ಗಾಳಿ ಎಳೆದುಕೊಂಡಿತು. ಹುಡುಗ ನಕ್ಕ. "ಸಾಬ್, ಇಸ್ಕೀ ನಾಕ್ ಬಂದ್ ಹೈ."

ಮುಚ್ಚಳದಲ್ಲೊಂದು ಸಣ್ಣ ತೂತಿರುತ್ತದೆ. ಪೆಟ್ರೋಲ್ ಇಳಿದಷ್ಟು ಗಾಳಿ ಅದರಿಂದ ಒಳಬರಬೇಕು. ಬರದಿದ್ದರೆ ಟ್ಯಾಂಕಿನೊಳಗೆ ಒತ್ತಡ ಇಳಿದು ಪೆಟ್ರೋಲ್ ಕೆಳಗಿಳಿಯುವುದು ನಿಲ್ಲುತ್ತದೆ. ತುಂಬಿದ ಟ್ಯಾಂಕಿನಲ್ಲಿ ಖಾಲಿ ಜಾಗ ಕಡಿಮೆ, ಹಾಗಾಗಿ ಬ್ರಿಜ್ಜಿಗೇ ಬಿಕ್ಕಳಿಕೆ. ಅರ್ಧ ಟ್ಯಾಂಕಿದ್ದರೆ ಬಾಂದ್ರಾ ಪ್ರವಾಸ. ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿಸಿದರೆ ಸಂದುಗೊಂದಿನಿಂದ ಗಾಳಿ ನುಸುಳಿ ಎಲ್ಲ ಸರಿ. ಅಷ್ಟರೊಳಗೆ ಯಾರು ಏನು ಮಾಡಿದ್ದರೂ ಅದೇ ಮದ್ದು: ಪ್ಲಗ್ ಒರೆಸಿದವನದೂ ಸೈ, ಹಳೆಯ ಪ್ರೇಮಕಥೆ ಹೇಳಿದವರದೂ ಸೈ. ನನ್ನ ಹುಣಸೆ ಚಿಕಿತ್ಸೆಗೆ ಹೆಸರು ತಂದುಕೊಟ್ಟದ್ದು ಪೆಟ್ರೋಲ್ ನೋಡಲು ಮುಚ್ಚಳ ತೆಗೆಯುತ್ತಿದ್ದ ನನ್ನ ಚಾಳಿ.

ತೂತು ಮುಚ್ಚಿದ್ದೇನು? ಗಂಧ, ಕುಂಕುಮ. ಕಳೆದ ಆಯುಧಪೂಜೆಯಲ್ಲಿ ಗಾಡಿಯ ಹಣೆ ಯಾವುದೆಂದು ಹೆಂಡತಿ ಕೇಳಿದಾಗ, ನಾನೇ ಧಾರಾಳವಾಗಿ ಮುಚ್ಚಳ ತೋರಿಸಿದ್ದೆ. ಅದರ ಮೇಲೆ ನನ್ನದೇ ಮೇಣದ ಪಾಲಿಶ್ ಬೇರೆ. ಅವಳ ಸೀರೆಪಿನ್ನಿನಿಂದ ಚುಚ್ಚಿದೆ, ಕೆಂಪು ಪುಡಿ ಉದುರಿತು, ಮುಗಿಯಿತು.

ಗಾಡಿ ಈಗ ಬ್ರಿಜ್ ಮೇಲೆ ನಿಲ್ಲುತ್ತಿರಲಿಲ್ಲ, ಸಿಗ್ನಲ್ಲಿನಲ್ಲಿ ನಿಲ್ಲತೊಡಗಿತು. ಆಕ್ಸಿಲರೇಟರ್ ಬಿಟ್ಟರೆ ಸಾಕು, ಬಂದ್. ಸೋತು ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ನೋಡುವ ಮೊದಲೇ "ಕಚರಾ" ಅಂದ. ನಾನು ಮುಚ್ಚಳದ ವಿಜ್ಞಾನವನ್ನೆಲ್ಲ ಅವನಿಗೆ ವಿವರಿಸಿ, ಕಚರಾ ಎಂಬುದೇ ಮೂಢನಂಬಿಕೆ ಎಂದು ವಾದಿಸಿದೆ. ಅವನು ಕಾರ್ಬೊರೇಟರ್ ಬಿಚ್ಚಿ, ಪೈಲಟ್ ಜೆಟ್ ಊದಿ, ಅಂಗೈ ಮೇಲೆ ಬಿದ್ದ ಕಂದು ಎಳೆಯೊಂದನ್ನು ಬೆಳಕಿಗೆ ಹಿಡಿದ. ಮೂಸಿದ. ಆಮೇಲೆ ಅಪ್ರೆಂಟಿಸ್ ಹುಡುಗನ ಮೂಗಿಗೂ ಹಿಡಿದ.

"ಇಮ್ಲೀ?" ಎಂದ ಹುಡುಗ.