ಮಿಸಿಸಿಪ್ಪಿಯ ಬದು

ನಮ್ಮ ಮನೆಯವರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರಿಗೆ ಉಳಿದದ್ದು ಎರಡೇ ಕೆಲಸ: ಬೆಳಿಗ್ಗೆ ನಡೆಯುವುದು, ನಡೆದು ಬಂದು ನಡೆದದ್ದನ್ನೆಲ್ಲ ನನಗೆ ವರದಿ ಒಪ್ಪಿಸುವುದು. ಮೈಸೂರಿನಲ್ಲಿ ಇದಕ್ಕೆ ಕುಕ್ಕರಹಳ್ಳಿ ಕೆರೆ ಸಾಕಾಗಿತ್ತು. ಮಗಳ ಮನೆಗೆಂದು ಆರು ತಿಂಗಳ ಮಟ್ಟಿಗೆ ಷಿಕಾಗೋ ಪಕ್ಕದ ನೇಪರ್ವಿಲ್‌ಗೆ ಹೋದಾಗ, ಅಲ್ಲೂ ಹೊಳೆದಂಡೆಯಲ್ಲಿ ಚೆಂದದ ಕಾಲುದಾರಿ ಇತ್ತು. ಎರಡು ದಿನ ಅಲ್ಲಿ ನಡೆದರು. ಮೂರನೆಯ ದಿನ ರೈಲು ನಿಲ್ದಾಣ ಕಣ್ಣಿಗೆ ಬಿತ್ತು. ಅಲ್ಲಿಗೆ ನಡಿಗೆ ನಿಂತಿತು, ನಿಲ್ಲುವುದು ಶುರುವಾಯಿತು.

ಇವರು ಹುಟ್ಟಿ ಬೆಳೆದದ್ದು ಬೀರೂರಿನಲ್ಲಿ. ಬೀರೂರು ಜಂಕ್ಷನ್ನಿನಲ್ಲಿ ಬೆಳೆದ ಹುಡುಗರಿಗೆ ಗೂಡ್ಸ್ ಗಾಡಿ ಕಂಡರೆ ಡಬ್ಬಿ ಎಣಿಸದೆ ಇರಲು ಆಗುವುದಿಲ್ಲ. ನೇಪರ್ವಿಲ್‌ನಲ್ಲಿ ಒಂದಲ್ಲ, ಮೂರು ಜೋಡಿ ಹಳಿ ಹಾದುಹೋಗುತ್ತವೆ. ಆ ಹಾದಿಗೆ 'ರೇಸ್‌ಟ್ರ್ಯಾಕ್' ಅಂತಲೇ ಅಡ್ಡಹೆಸರು. ಆಫೀಸಿಗೆ ಹೋಗುವವರ ಲೋಕಲ್ ರೈಲು, ಕ್ಯಾಲಿಫೋರ್ನಿಯಾದವರೆಗೆ ಓಡುವ ದೂರದ ರೈಲು, ಇವೆರಡರ ಸಂದಿಯಲ್ಲಿ ಮೈಲಿಗಟ್ಟಲೆ ಉದ್ದದ ಸರಕು ಗಾಡಿ. ಕಂಟೈನರಿನ ಮೇಲೆ ಕಂಟೈನರು ಹೇರಿರುತ್ತಾರೆ. ಎಣಿಸಿ ಮುಗಿಸುವಷ್ಟರಲ್ಲಿ ಉಪ್ಪಿಟ್ಟು ಆರಿ ಗಟ್ಟಿಯಾಗಿರುತ್ತಿತ್ತು.

ಅಲ್ಲಿ ಇವರಿಗೆ ಮೂವರು ಸಿಕ್ಕರು. ಮೂವರಿಗೂ ಅರವತ್ತು ದಾಟಿದೆ. ಮಡಚುವ ಕುರ್ಚಿ, ಫ್ಲಾಸ್ಕು, ಕೊರಳಲ್ಲಿ ಕ್ಯಾಮೆರಾ, ಸೊಂಟದಲ್ಲಿ ಗೊರಗೊರ ಅನ್ನುವ ಪುಟ್ಟ ರೇಡಿಯೋ. ರೈಲಿನವರು ತಮ್ಮತಮ್ಮೊಳಗೆ ಆಡುವ ಮಾತು ಕೇಳುವುದಕ್ಕಂತೆ ಅದು. ಇಂಥವರಿಗೆ ಅಲ್ಲಿ ರೈಲ್‌ಫ್ಯಾನ್ ಅನ್ನುತ್ತಾರೆ. ಅವರ ಹೆಸರುಗಳು ನನ್ನ ನಾಲಿಗೆಗೆ ಹೊರಳಲಿಲ್ಲ; ತಲೆ ನೋಡಿ ಗುರುತಿಟ್ಟುಕೊಂಡೆ. ಒಬ್ಬರು ಕಿತ್ತಳೆ ಟೋಪಿ, ಒಬ್ಬರು ನೀಲಿ ಟೋಪಿ, ಇನ್ನೊಬ್ಬರದು ಟೋಪಿಯಿಲ್ಲದ ಬೋಳುತಲೆ.

ಒಂದು ದಿನ ಇವರು ತೀರಾ ತಡವಾಗಿ ಬಂದರು. "ಎಲ್ಲಿ ಹೋಗಿದ್ರಿ?" ಅಂದೆ.

"ಅದೇ ತೀರ್ಮಾನ ಆಗಲಿಲ್ಲ ಕಣೇ" ಅಂದರು. "ಸ್ಟೇಷನ್ ಇರೋದು ಪೂರ್ವದಲ್ಲೋ ಪಶ್ಚಿಮದಲ್ಲೋ ಅಂತ ಒಂದೂವರೆ ಗಂಟೆ ಜಗಳ ಆಯ್ತು."

ವಿಷಯ ಇಷ್ಟು. ಅಮೆರಿಕದ ದೊಡ್ಡ ಸರಕು ರೈಲು ಕಂಪನಿಗಳಲ್ಲಿ ಎರಡು ಪೂರ್ವದವು, ಸಿಎಸ್‌ಎಕ್ಸ್ ಮತ್ತು ನಾರ್ಫೋಕ್ ಸದರ್ನ್. ಎರಡು ಪಶ್ಚಿಮದವು, ಯೂನಿಯನ್ ಪೆಸಿಫಿಕ್ ಮತ್ತು ಬಿಎನ್‌ಎಸ್‌ಎಫ್. ಆ ಕಡಲಿನಿಂದ ಈ ಕಡಲಿನವರೆಗೆ ದೇಶದ ಅಡ್ಡಕ್ಕೆ ಒಂದೇ ಕಂಪನಿಯ ಹಳಿ ಇಲ್ಲ. ನಡುವೆ ಎಲ್ಲೋ ಒಂದು ಕಡೆ ಒಬ್ಬರು ಇನ್ನೊಬ್ಬರ ಕೈಗೆ ಗಾಡಿ ಒಪ್ಪಿಸಬೇಕು. ಆ 'ಎಲ್ಲೋ' ಎಲ್ಲಿ ಅನ್ನುವುದೇ ತಕರಾರು. ನೀಲಿ ಟೋಪಿ ಒಹಾಯೋ ಕಡೆಯವರು, ಪೂರ್ವದ ಕಂಪನಿಯ ಅಭಿಮಾನಿ. ಮಿಸಿಸಿಪ್ಪಿ ನದಿಯವರೆಗೂ ಪೂರ್ವವೇ ಎಂದು ಅವರ ಪಟ್ಟು. ಕಿತ್ತಳೆ ಟೋಪಿಯವರದು ಬಿಎನ್‌ಎಸ್‌ಎಫ್ ಪಕ್ಷ. ಅವರ ಹಳಿ ಹೊರಡುವುದು ಷಿಕಾಗೋದಿಂದ, ಆದ್ದರಿಂದ ಪಶ್ಚಿಮ ಅಲ್ಲಿಂದಲೇ ಶುರು. ಇಬ್ಬರ ನಡುವೆ ಸಿಕ್ಕಿಬಿದ್ದದ್ದು ಸುಮಾರು 200 ಮೈಲಿ ಉದ್ದದ ಇಲಿನಾಯ್ ಮುಸುಕಿನ ಜೋಳದ ಹೊಲ. ನೇಪರ್ವಿಲ್ ಷಿಕಾಗೋದಿಂದ 28 ಮೈಲಿ ಪಶ್ಚಿಮಕ್ಕಿದೆ. ಅಂದರೆ ಇವರು ದಿನಾ ನಿಲ್ಲುತ್ತಿದ್ದದ್ದು ಪೂರ್ವದ ನೆಲದ ಮೇಲೆ, ಪಶ್ಚಿಮದ ಹಳಿಯ ಪಕ್ಕದಲ್ಲಿ.

ನನಗೆ ಇದು ಹೊಸದೇನಲ್ಲ. ತಿಪಟೂರಿನ ಹತ್ತಿರ ನಮ್ಮ ತಂದೆಗೂ ಚಿಕ್ಕಪ್ಪನಿಗೂ ನಡುವೆ ಒಂದು ಬದು ಇತ್ತು. ಪ್ರತಿ ಮುಂಗಾರಿಗೂ ಅದು ಒಂದು ಮೊಳ ಆ ಕಡೆಗೋ ಈ ಕಡೆಗೋ ನಡೆಯುತ್ತಿತ್ತು. ಬದುವಿನ ಮೇಲೆ ಬೆಳೆಯುತ್ತಿದ್ದದ್ದು ಹುಲ್ಲು ಮಾತ್ರ, ಆದರೆ ಅದಕ್ಕಾಗಿ ಎರಡು ಮನೆಯವರು ಒಂದು ಮದುವೆಗೇ ಹೋಗಲಿಲ್ಲ. ಹಾಗಾಗಿ ಟೋಪಿಯವರ ಜಗಳ ನನಗೆ ಕೂಡಲೇ ಅರ್ಥವಾಯಿತು. ಇವರಿಗೆ ಅರ್ಥವಾಗಲು ನಕ್ಷೆ ಬೇಕಾಯಿತು. ಮೊಮ್ಮಗನ ಅಟ್ಲಾಸು ತೆಗೆದು ಪೆನ್ಸಿಲಿನಲ್ಲಿ ಗೆರೆ ಎಳೆದರು, ಅಳಿಸಿದರು, ಮತ್ತೆ ಎಳೆದರು. ವಾರದೊಳಗೆ ಇಲಿನಾಯ್ ಸವೆದು ತೂತಾಯಿತು.

ಷಿಕಾಗೋ ಪಕ್ಷದ ವಾದ ತೆಗೆದುಹಾಕುವಂಥದ್ದಲ್ಲ. ಈಗಲೂ ಆಮ್‌ಟ್ರಾಕ್ ಪ್ರಯಾಣಿಕರ ರೈಲು ಒಂದೂ ಷಿಕಾಗೋವನ್ನು ಹಾದು ಮುಂದಕ್ಕೆ ಹೋಗುವುದಿಲ್ಲ. ಎಲ್ಲವೂ ಅಲ್ಲಿ ಹುಟ್ಟುತ್ತವೆ, ಇಲ್ಲವೇ ಅಲ್ಲಿ ಸಾಯುತ್ತವೆ. ಹಿಂದೆ ಊರಿನಲ್ಲಿ ಆರು ದೊಡ್ಡ ನಿಲ್ದಾಣಗಳಿದ್ದವಂತೆ. ನ್ಯೂಯಾರ್ಕಿನಿಂದ ಬಂದವರು ಒಂದರಲ್ಲಿ ಇಳಿದು, ಪೆಟ್ಟಿಗೆ ಹೊರಿಸಿಕೊಂಡು, ಬಾಡಿಗೆ ಗಾಡಿಯಲ್ಲಿ ಊರು ದಾಟಿ, ಇನ್ನೊಂದರಲ್ಲಿ ಕ್ಯಾಲಿಫೋರ್ನಿಯಾದ ರೈಲು ಹಿಡಿಯಬೇಕು. 1946ರಲ್ಲಿ ಚೆಸಪೀಕ್ ಅಂಡ್ ಒಹಾಯೋ ಕಂಪನಿಯ ರಾಬರ್ಟ್ ಯಂಗ್ ಪತ್ರಿಕೆಗಳಲ್ಲಿ ದೊಡ್ಡ ಜಾಹೀರಾತು ಕೊಟ್ಟರು: ಹಂದಿಯಾದರೆ ರೈಲು ಬದಲಿಸದೆ ದೇಶ ದಾಟಬಹುದು, ನಿಮಗೆ ಮಾತ್ರ ಆ ಭಾಗ್ಯವಿಲ್ಲ ಎಂದು. ಸರಕಿನ ಡಬ್ಬಿಯನ್ನು ಒಂದು ಹಳಿಯಿಂದ ಇನ್ನೊಂದು ಹಳಿಗೆ ತಳ್ಳಿದರಾಯಿತು, ಹಂದಿ ಕೂತಲ್ಲೇ ಕೂತಿರುತ್ತದೆ. ಮನುಷ್ಯ ಇಳಿಯಬೇಕು. ಜನ ನಕ್ಕರು, ಕಂಪನಿಗಳು ನಾಚಿದವು, ಅದೇ ವರ್ಷ ಕೆಲವು ಸ್ಲೀಪರ್ ಬೋಗಿಗಳನ್ನು ಷಿಕಾಗೋದಲ್ಲಿ ಒಂದು ರೈಲಿನಿಂದ ಬಿಚ್ಚಿ ಇನ್ನೊಂದಕ್ಕೆ ಕಟ್ಟುವುದು ಶುರುವಾಯಿತು.

ಇದನ್ನು ಕೇಳಿದಾಗ ನನಗೆ ನೆನಪಾದದ್ದು ಹಳೆಯ ಬೆಂಗಳೂರು ನಿಲ್ದಾಣ. ಮೈಸೂರಿನಿಂದ ಮೀಟರ್ ಗೇಜಿನಲ್ಲಿ ಬಂದು, ಕೂಲಿಯ ತಲೆಯ ಮೇಲೆ ಟ್ರಂಕು ಏರಿಸಿ, ಮದ್ರಾಸಿನ ಬ್ರಾಡ್‌ಗೇಜ್ ರೈಲಿಗೆ ಓಡುತ್ತಿದ್ದೆವು. ಆ ಓಟದಲ್ಲಿ ನಮ್ಮಮ್ಮ, "ನಮ್ಮ ಕಡೆ ಮುಗೀತು, ಇನ್ನು ಅವರ ಕಡೆ" ಅನ್ನುತ್ತಿದ್ದರು. ಯಾವ ನಕ್ಷೆಯಲ್ಲೂ ಆ ಗೆರೆ ಇರಲಿಲ್ಲ. ಟ್ರಂಕು ಎಲ್ಲಿ ಕೆಳಗಿಳಿಯಿತೋ ಅಲ್ಲೇ ಗಡಿ.

ನದಿ ಪಕ್ಷಕ್ಕೆ ಸಾಕ್ಷಿಯಾಗಿ ಸ್ವತಃ ಲಿಂಕನ್ ಇದ್ದಾರೆ. ಮಿಸಿಸಿಪ್ಪಿಯ ಮೇಲೆ ಮೊದಲ ರೈಲು ಸೇತುವೆ ಆದದ್ದು 1856ರ ಏಪ್ರಿಲ್‌ನಲ್ಲಿ, ರಾಕ್ ಐಲೆಂಡ್ ಮತ್ತು ಡೇವನ್‌ಪೋರ್ಟ್ ನಡುವೆ. ಹದಿನೈದು ದಿನ ಕಳೆಯುವಷ್ಟರಲ್ಲಿ, ಮೇ 6ರಂದು, ಎಫಿ ಆಫ್ಟನ್ ಎಂಬ ಹಬೆಹಡಗು ಕಂಬಕ್ಕೆ ಡಿಕ್ಕಿ ಹೊಡೆದು ಹತ್ತಿ ಉರಿಯಿತು. ಸೇತುವೆಯ ಒಂದು ಭಾಗವನ್ನೂ ಸುಟ್ಟಿತು. ಹಡಗಿನವರು ಸೇತುವೆಯವರ ಮೇಲೆ ದಾವೆ ಹೂಡಿದರು. ಸೇತುವೆಯ ಪರ ವಾದಿಸಿದ ವಕೀಲರಲ್ಲಿ ಒಬ್ಬರು ಆಗಿನ್ನೂ ಅಧ್ಯಕ್ಷರಾಗಿರದ ಅಬ್ರಹಾಂ ಲಿಂಕನ್. ನೀರಿನ ಮೇಲೆ ಉತ್ತರ-ದಕ್ಷಿಣವಾಗಿ ಹೋಗುವವರಿಗೆ ಎಷ್ಟು ಹಕ್ಕಿದೆಯೋ, ನೀರು ದಾಟಿ ಪೂರ್ವ-ಪಶ್ಚಿಮವಾಗಿ ಹೋಗುವವರಿಗೂ ಅಷ್ಟೇ ಹಕ್ಕಿದೆ ಅನ್ನುವುದು ಅವರ ವಾದದ ತಿರುಳು. 1857ರಲ್ಲಿ ಜ್ಯೂರಿಯವರು ಒಮ್ಮತಕ್ಕೆ ಬರಲಾಗದೆ ಎದ್ದುಹೋದರು. ನೇಪರ್ವಿಲ್ ಪ್ಲಾಟ್‌ಫಾರಂ ಇನ್ನೂ ಅದೇ ಜ್ಯೂರಿಯ ಕೊಠಡಿ.

ಸೇಂಟ್ ಲೂಯಿಸ್‌ನಲ್ಲಿ ಅದೇ ನದಿಯ ಮೇಲಿರುವ ಈಡ್ಸ್ ಸೇತುವೆಯ ಕಥೆ ನನಗೆ ಇನ್ನೂ ಇಷ್ಟ. 1874ರಲ್ಲಿ ಅದು ಮುಗಿದಾಗ ಉಕ್ಕಿನ ಕಮಾನು ನಂಬಿ ಕಾಲಿಡಲು ಜನಕ್ಕೆ ಭಯ. ಭದ್ರವಲ್ಲದ ನೆಲದ ಮೇಲೆ ಆನೆ ಹೆಜ್ಜೆಯಿಡುವುದಿಲ್ಲವೆಂದು ನಂಬಿಕೆಯಿತ್ತಲ್ಲ, ಒಂದು ಆನೆಯನ್ನು ತಂದು ದಾಟಿಸಿದರು. ಆನೆ ಪೂರ್ವ ಪಶ್ಚಿಮ ಎಂದು ಯೋಚಿಸದೆ ನಡೆದು ಹೋಯಿತು. ಮೈಸೂರಿನವಳಾದ ನನಗೆ ಇದರಲ್ಲಿ ಆಶ್ಚರ್ಯ ಕಾಣಲಿಲ್ಲ. ದಸರೆಯಲ್ಲಿ ಆನೆ ಅಷ್ಟು ಜನರ ನಡುವೆಯೇ ನಡೆಯುತ್ತದೆ.

ರೇಡಿಯೋದವರೂ ನದಿಯನ್ನೇ ಗಡಿ ಮಾಡಿಕೊಂಡಿದ್ದಾರೆಂದು ನೀಲಿ ಟೋಪಿ ಒಂದು ದಿನ ಹೊಸ ಅಸ್ತ್ರ ಬಿಟ್ಟರು. ನದಿಯ ಪೂರ್ವಕ್ಕಿರುವ ಕೇಂದ್ರಗಳ ಸಂಕೇತ 'ಡಬ್ಲ್ಯೂ' ಅಕ್ಷರದಿಂದ, ಪಶ್ಚಿಮದವು 'ಕೆ' ಇಂದ. ತಕ್ಷಣ ಕಿತ್ತಳೆ ಟೋಪಿ ಪೂರ್ವದ ಪಿಟ್ಸ್‌ಬರ್ಗಿನಲ್ಲೇ ಇರುವ ಕೆಡಿಕೆಎ ಎಂಬ ಹಳೆಯ ಕೇಂದ್ರದ ಹೆಸರು ಹೇಳಿ ಆ ಅಸ್ತ್ರವನ್ನು ಮುರಿದರು.

ಹಾಗೆ ನೋಡಿದರೆ ಯಾರ ಹೊಲವೂ ಅವರ ಬದುವಿನೊಳಗೆ ಇಲ್ಲ. ಪೂರ್ವದ ನಾರ್ಫೋಕ್ ಸದರ್ನ್, ಮಾರ್ಕ್ ಟ್ವೇನ್ ಬೆಳೆದ ಹ್ಯಾನಿಬಲ್ ಊರಿನ ಹತ್ತಿರ ನದಿ ದಾಟಿ ಕ್ಯಾನ್ಸಸ್ ಸಿಟಿವರೆಗೆ ನುಗ್ಗಿದೆ. ಪಶ್ಚಿಮದ ಬಿಎನ್‌ಎಸ್‌ಎಫ್ ಮೆಂಫಿಸ್‌ನಲ್ಲಿ ಈಚೆಗೆ ದಾಟಿ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೂತಿದೆ. ಮೇಲೆ ವಿಸ್ಕಾನ್ಸಿನ್‌ನಲ್ಲಂತೂ ಅದೇ ಕಂಪನಿಯ ಹಳಿ ನದಿಯ ಪೂರ್ವದಂಡೆ ಹಿಡಿದೇ ಊರುಗಟ್ಟಲೆ ಸಾಗುತ್ತದೆ. ಇದನ್ನು ಹೇಳಿದಾಗಲೆಲ್ಲ ಕಿತ್ತಳೆ ಟೋಪಿಯವರು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದರಂತೆ.

ಬೋಳುತಲೆಯವರ ಅಚ್ಚುಮೆಚ್ಚು ಇಲಿನಾಯ್ ಸೆಂಟ್ರಲ್, ಷಿಕಾಗೋದಿಂದ ನ್ಯೂ ಆರ್ಲಿಯನ್ಸ್‌ಗೆ ಉದ್ದಕ್ಕೆ ಇಳಿಯುವ ಹಳಿ. 1998ರಲ್ಲಿ ಕೆನಡಾದವರು ಅದನ್ನು ಕೊಂಡುಕೊಂಡರು. "ನೀವು ಪೂರ್ವವೋ ಪಶ್ಚಿಮವೋ?" ಎಂದರೆ "ದಕ್ಷಿಣ" ಅನ್ನುತ್ತಿದ್ದರು. ಟೋಪಿಯವರಿಬ್ಬರನ್ನೂ ಸುಮ್ಮನಾಗಿಸಿದ್ದು ಅವರೇ. ಸದರ್ನ್ ಪೆಸಿಫಿಕ್ ಎಂಬ ಹಳೆಯ ಕಂಪನಿಯಲ್ಲಿ ಒಂದು ನಿಯಮವಿತ್ತಂತೆ: ಸ್ಯಾನ್ ಫ್ರಾನ್ಸಿಸ್ಕೋ ಕಡೆಗೆ ಹೋಗುವ ಗಾಡಿ ಯಾವುದೇ ಇರಲಿ, ಎತ್ತಲಿಂದಲೇ ಬರಲಿ, ಅದು ಪಶ್ಚಿಮದ ಗಾಡಿ. ಉತ್ತರದ ಪೋರ್ಟ್‌ಲೆಂಡಿನಿಂದ ದಕ್ಷಿಣಕ್ಕೆ ಇಳಿದರೂ ಪಶ್ಚಿಮ, ಲಾಸ್ ಏಂಜಲೀಸಿನಿಂದ ಉತ್ತರಕ್ಕೆ ಏರಿದರೂ ಪಶ್ಚಿಮ. ಮುಖ್ಯ ಕಚೇರಿ ಅಲ್ಲಿತ್ತು, ಅದಕ್ಕೆ. ನಮ್ಮತ್ತೆ ಇರುವ ತನಕ ನಮ್ಮ ಮನೆಯಲ್ಲೂ ವಾಸ್ತು ಹೀಗೇ ಇತ್ತು. ಅವರು ಕೂತ ಮೂಲೆಯೇ ಈಶಾನ್ಯ.

ಕಂಪನಿಗಳ ಹೆಸರು ನಂಬಿದರೂ ಕೆಟ್ಟೆವು. ವೆಸ್ಟರ್ನ್ ಮೇರಿಲೆಂಡ್ ಅನ್ನುವ ರೈಲು ಇದ್ದದ್ದು ಅಪ್ಪಟ ಪೂರ್ವದಲ್ಲಿ. ಮಿಸೌರಿ ಪೆಸಿಫಿಕ್ ಅನ್ನುವುದು ಪೆಸಿಫಿಕ್ ಕಡಲಿನ ಮುಖ ಕಾಣಲೇ ಇಲ್ಲ. ಜಾರ್ಜಿಯಾದ ವೆಸ್ಟರ್ನ್ ಅಂಡ್ ಅಟ್ಲಾಂಟಿಕ್ ಅಟ್ಲಾಂಟಾದಿಂದ ಚಟನೂಗಾಕ್ಕೆ ಹೋಗುತ್ತಿತ್ತು; ಅಟ್ಲಾಂಟಿಕ್ಕೂ ಇಲ್ಲ, ವೆಸ್ಟೂ ಇಲ್ಲ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ.

ನನ್ನ ಮಟ್ಟಿಗೆ ಕಣ್ಣಿಗೆ ಕಾಣುವ ಗುರುತು ಬೋಗಿಯೇ. ಷಿಕಾಗೋದಿಂದ ಪಶ್ಚಿಮಕ್ಕೆ ಹೋಗುವ ದೂರದ ರೈಲುಗಳು ಎರಡಂತಸ್ತಿನವು. ನ್ಯೂಯಾರ್ಕಿಗೆ ಹೋಗುವವು ಒಂದೇ ಅಂತಸ್ತು, ಅಲ್ಲಿಯ ಸುರಂಗಗಳು ಗಿಡ್ಡ. ತಲೆ ಬಗ್ಗಿಸಿ ಹೋಗಬೇಕಾದದ್ದು ಪೂರ್ವ, ತಲೆಯೆತ್ತಿ ಹೋಗಬಹುದಾದದ್ದು ಪಶ್ಚಿಮ. ಈ ನನ್ನ ಸಿದ್ಧಾಂತವನ್ನು ಇವರು ಪ್ಲಾಟ್‌ಫಾರಂಗೆ ಒಯ್ದರು. ಅರ್ಧ ಗಂಟೆಯಲ್ಲಿ ಅದರ ಶವ ವಾಪಸು ಬಂತು: ಕಾರುಗಳನ್ನೂ ಅದರ ಒಡೆಯರನ್ನೂ ಹೊತ್ತು ವರ್ಜೀನಿಯಾದಿಂದ ಫ್ಲೋರಿಡಾಕ್ಕೆ ಹೋಗುವ ಆಟೋ ಟ್ರೈನ್ ಎರಡಂತಸ್ತಿನದೇ.

2025ರ ಜುಲೈ ಕೊನೆಯಲ್ಲಿ ಒಂದು ದಿನ ಇವರು ಬೇಗನೆ ಮನೆಗೆ ಬಂದುಬಿಟ್ಟರು. ಮುಖ ಸಪ್ಪಗಿತ್ತು. ಪಶ್ಚಿಮದ ಯೂನಿಯನ್ ಪೆಸಿಫಿಕ್ ಪೂರ್ವದ ನಾರ್ಫೋಕ್ ಸದರ್ನ್ ಅನ್ನು ಕೊಂಡುಕೊಳ್ಳುವುದಾಗಿ ಪ್ರಕಟಿಸಿತ್ತು. 8,500 ಕೋಟಿ ಡಾಲರಿನ ವ್ಯವಹಾರ, 43 ರಾಜ್ಯ, 50,000 ಮೈಲಿಗೂ ಹೆಚ್ಚು ಹಳಿ, ಕಡಲಿನಿಂದ ಕಡಲಿಗೆ ಒಂದೇ ಕಂಪನಿ. ಸರ್ಕಾರದ ಮಂಡಳಿ ಒಪ್ಪಬೇಕು ಅನ್ನುವುದೊಂದು ಬಾಕಿ. ಪ್ಲಾಟ್‌ಫಾರಂನಲ್ಲಿ ಆವತ್ತು ಮೂವರೂ ಮಾತೇ ಆಡಲಿಲ್ಲವಂತೆ. ನಮ್ಮ ಚಿಕ್ಕಪ್ಪ ಹೊಲ ಮಾರಿ ಅರಸೀಕೆರೆಗೆ ಹೋದ ವರ್ಷ ನಮ್ಮ ತಂದೆ ಹೀಗೇ ಇದ್ದರು. ಬದುವಿನ ಮೇಲೆ ಒಬ್ಬರೇ ಕೂತಿರುತ್ತಿದ್ದರು. ಒತ್ತುವರಿ ಮಾಡುವವರೂ ಇಲ್ಲ, ಬೈಯಲು ಯಾರೂ ಇಲ್ಲ.

ಆಗಸ್ಟಿನಲ್ಲಿ ಡೆನ್ವರ್‌ನಲ್ಲಿರುವ ನಮ್ಮ ನಾದಿನಿಯ ಮಗನ ಮನೆಗೆ ಹೊರಟೆವು. ಅಳಿಯಂದಿರು ವಿಮಾನದ ಟಿಕೆಟ್ ತೆಗೆಯುತ್ತೇನೆಂದರೂ ಇವರು ಕೇಳಲಿಲ್ಲ. ನೇಪರ್ವಿಲ್‌ನಲ್ಲೇ ಕ್ಯಾಲಿಫೋರ್ನಿಯಾ ಜೆಫಿರ್ ರೈಲು ಹತ್ತಿದೆವು. ಬೀಳ್ಕೊಡಲು ಎರಡು ಟೋಪಿ, ಒಂದು ಬೋಳುತಲೆ. ನದಿ ದಾಟುವಾಗ ನಿಜವಾಗಿ ಏನನ್ನಿಸಿತು ಎಂದು ಬಂದು ಹೇಳಬೇಕೆಂದು ಮೂವರೂ ಇವರಿಂದ ಮಾತು ತೆಗೆದುಕೊಂಡರು.

ಗಾಜಿನ ಗೋಡೆಯ ಬೋಗಿಯಲ್ಲಿ ಕೂತೆವು. ಜೋಳ, ಜೋಳ, ಮತ್ತೆ ಜೋಳ. ಗೇಲ್ಸ್‌ಬರ್ಗ್ ಕಳೆಯಿತು. ಸಂಜೆ ಬಿಸಿಲಿನಲ್ಲಿ ಬರ್ಲಿಂಗ್ಟನ್ ಸೇತುವೆ ಬಂದಾಗ ಗಾಡಿ ನಿಧಾನವಾಯಿತು. ಕೆಳಗೆ ಮಣ್ಣುಬಣ್ಣದ ನೀರು, ನಮ್ಮ ಕಾವೇರಿ ಹೊಸನೀರಿನಲ್ಲಿ ಬಂದ ಹಾಗೆ, ಆದರೆ ಅಗಲ ಮಾತ್ರ ನಂಬುವಂತಿಲ್ಲ. ಇವರು ಎದ್ದು ನಿಂತಿದ್ದರು.

"ನೋಡೇ, ಎಂಜಿನ್ ಪಶ್ಚಿಮಕ್ಕೆ ಹೋಯ್ತು. ನಾವಿನ್ನೂ ಪೂರ್ವದಲ್ಲಿದ್ದೀವಿ!"

ಎದುರಿನ ಸೀಟಿನಲ್ಲಿ ನನ್ನ ವಯಸ್ಸಿನ ಒಬ್ಬ ಹೆಂಗಸು ಉಣ್ಣೆ ಹೆಣೆಯುತ್ತಿದ್ದರು. ಅಯೋವಾದವರು, ಮುಂದಿನ ಸ್ಟೇಷನ್ನಿನಲ್ಲಿ ಇಳಿಯುವವರು. ಏನು ವಿಷಯವೆಂದು ಕೇಳಿದರು. ಇವರು ಲಿಂಕನ್‌ನಿಂದ ಹಿಡಿದು ಹಂದಿಯವರೆಗೆ ಎಲ್ಲ ವಿವರಿಸಿದರು. ಆಕೆ ಸೂಜಿ ನಿಲ್ಲಿಸದೆ ಕೇಳಿಸಿಕೊಂಡು, "ನದಿಯ ಆ ಕಡೆಯೂ ಮಿಡ್‌ವೆಸ್ಟೇ, ಈ ಕಡೆಯೂ ಮಿಡ್‌ವೆಸ್ಟೇ" ಅಂದರು.

"ಹಾಗಾದರೆ ಪಶ್ಚಿಮ ಶುರುವಾಗೋದು ಎಲ್ಲಿಂದ?"

"ಬೆಳಿಗ್ಗೆ ಎದ್ದಾಗ ಕಿಟಕಿಯಲ್ಲಿ ಮರ ಕಾಣದಿದ್ದರೆ, ಅಲ್ಲಿಂದ."

ಇವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಜೇಬಿನಿಂದ ಮಡಿಸಿಟ್ಟಿದ್ದ ನಕ್ಷೆ ತೆಗೆದು ತೊಡೆಯ ಮೇಲೆ ಹರಡಿ, "ಪೆನ್ಸಿಲ್ ಇದೆಯೇನೇ?" ಅಂದರು.

ಕಟ್ಟಿ ತಂದಿದ್ದ ಮೊಸರನ್ನ ಬೆಳಗಿನವರೆಗೆ ತಡೆಯುವ ಹಾಗಿರಲಿಲ್ಲ. ನಾನು ಸ್ಪೂನ್ ಕೊಟ್ಟೆ.