ಅಡ್ಮಿನ್ ಮಾವನ ನ್ಯಾಯ

(ತಿಪಟೂರು ಎಪಿಎಂಸಿ ಹತ್ತಿರದ ಟೀ ಅಂಗಡಿ. ಮಾವ ತೆಂಗು ಬೆಳೆಗಾರರ ವಾಟ್ಸಾಪ್ ಗ್ರೂಪಿನ ಅಡ್ಮಿನ್.)

ಅಳಿಯ: ನನ್ನ ಯಾಕ್ ಮಾವ ಗ್ರೂಪಿಂದ ತೆಗೆದ್ರಿ?

ಮಾವ: ರೂಲ್ಸು ಕಣಪ್ಪ. ಕೊಬ್ಬರಿ ಬಿಟ್ಟು ಬೇರೆ ಮಾತಾಡಂಗಿಲ್ಲ.

ಅಳಿಯ: ಕೊಬ್ಬರಿ ವಿಷ್ಯಾನೇ ಹಾಕಿದ್ದು! 2024ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ಅಂತ.

ಮಾವ: ನಾನು 13,000 ಅಂದಿದ್ನಲ್ಲ, ಅದರ ಕೆಳಗೇ ಹಾಕ್ದೆ. ಅಡ್ಮಿನ್ ನಿಂದನೆ!

ಅಳಿಯ: ನಿಮ್ಮ ಭಾಮೈದ ದಿನಾ ಗುಡ್ ಮಾರ್ನಿಂಗ್ ಗುಲಾಬಿ ಹಾಕ್ತಾನಲ್ಲ?

ಮಾವ: ಗುಲಾಬಿ ಹಿಂದೆ ತೆಂಗಿನಮರ ಐತೆ, ಸರಿಯಾಗಿ ನೋಡು.

ಅಳಿಯ: ಚೌಕಾಬಾರದಲ್ಲೂ ನಿಮ್ಮ ಕಾಯಿ ಕಡಿದ್ರೆ ‘ಕವಡೆ ಓರೆ ಬಿತ್ತು’ ಅಂತೀರಿ.

ಮಾವ: ನೆಲ ಓರೆ ಇತ್ತು.

ಅಳಿಯ: ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ಹೊಣೆಯಲ್ಲ ಅಂತ 2022ರಲ್ಲಿ ಕೇರಳ ಹೈಕೋರ್ಟೇ ಹೇಳೈತೆ.

ಮಾವ: ಹೊಣೆ ಇಲ್ಲ ಅಂದೈತೆ, ಅಧಿಕಾರ ಇಲ್ಲ ಅಂದಿಲ್ವಲ್ಲ!

ಅಳಿಯ: ಯಾವಾಗ ವಾಪಸ್ ಸೇರಿಸ್ತೀರಿ?

ಮಾವ: ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂತ್ರೇನೇ ಉಂಡೆ ಕೊಬ್ಬರಿ ಆಗೋದು. ನೀನೂ ಒಣಗು.

(ಅಳಿಯ ಅವತ್ತೇ ಹೊಸ ಗ್ರೂಪ್ ಮಾಡಿದ. ಅಡ್ಮಿನ್ ಅವನೊಬ್ಬನೇ. ಸದಸ್ಯರು ಮೆಸೇಜ್ ಹಾಕುವಂತಿಲ್ಲ.)