ಟ್ರೇಲರು ಕಡಲಿಗೆ ಹೋದದ್ದು

ಹುಲಗೋಳದಲ್ಲಿ ಟ್ರೇಲರ್ ಎಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಟ್ರ್ಯಾಕ್ಟರಿನ ಬಾಲ ಹಿಡಿದು ಗಡಗಡ ಸದ್ದು ಮಾಡುತ್ತ ಬರುವ ಕಬ್ಬಿಣದ ತೊಟ್ಟಿ ಅದು. ಚಳಿಗಾಲದಲ್ಲಿ ಅಡಿಕೆ ಕೊನೆ, ಬೇಸಿಗೆಯಲ್ಲಿ ದರಕು, ಗೊಬ್ಬರ, ಮಳೆಗಾಲ ಹತ್ತಿರ ಬಂತೆಂದರೆ ಕಟ್ಟಿಗೆ. ಏನು ಹೇರಿದರೂ ಬೇಡ ಎನ್ನದ ಸಾಧು ಪ್ರಾಣಿ. ಆದ್ದರಿಂದ ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ತಂಗಿಯ ಮಗ ಫೋನು ಮಾಡಿ, "ಮಾವಾ, ಈ ಸಲ ಬಂದಾಗ ಟ್ರೇಲರ್ ಕಟ್ಕಂಡು ಸಮುದ್ರದ ಬದಿಗೆ ನಾಲ್ಕು ದಿನ ಹೋಪನ" ಎಂದಾಗ ನನಗೆ ಆಶ್ಚರ್ಯವಾದರೂ ಗಾಬರಿಯಾಗಲಿಲ್ಲ. "ಅದಕ್ಕೆಂತದು, ಟ್ರ್ಯಾಕ್ಟರ್ ಬಾವಂಗೆ ಹೇಳಿಡ್ತಿ. ಗೊಬ್ಬರ ಹೊತ್ತು ಮುಗಿದ ಮೇಲೆ ತೊಳೆದು ಕೊಡ್ತ" ಎಂದೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಫೋಟೋ ಬಂತು. ಅಮೆರಿಕದ ಪಡುವಣ ಕಡಲಿನ ಅಂಚಿಗೇ ಸಾಗುವ ಹೆದ್ದಾರಿ ಒಂದು, ಬಿಗ್ ಸರ್ ಎಂಬ ಜಾಗ. ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ನೀಲಿ ಸಮುದ್ರ, ನಡುವೆ ಕಾರಿನ ಹಿಂದೆ ಕಟ್ಟಿದ ಬಿಳಿಯ ಮೊಟ್ಟೆಯಂಥ ಪುಟ್ಟ ಮನೆ. ಅದರೊಳಗೆ ಮಂಚ, ಒಲೆ, ಫ್ರಿಜ್ಜು, ಪಾಯಖಾನೆ. ಇಷ್ಟವಾದಲ್ಲಿ ನಿಲ್ಲುವುದು, ಎರಡು ಕುರ್ಚಿ ಹೊರಗೆ ಹಾಕಿ ಸೂರ್ಯ ಮುಳುಗುವುದನ್ನು ನೋಡುವುದು, ಬೇಯಿಸಿ ತಿಂದು ಮಲಗುವುದು. ಒಂದು ವಾರದಲ್ಲಿ ತನ್ನನ್ನು ಒಬ್ಬನೇ ಒಬ್ಬ ಮನುಷ್ಯ "ನೀನು ಯಾರು?" ಎಂದು ಕೇಳಲಿಲ್ಲವಂತೆ. ಅದನ್ನು ಅವನು ಸುಖದ ಪರಮಾವಧಿ ಎಂಬಂತೆ ಹೇಳಿದ. ಪಕ್ಕದಲ್ಲಿ ಕೂತು ಕೇಳುತ್ತಿದ್ದ ಆಯಿ, "ಪಾಪ, ಮಾಣಿಗೆ ಅಲ್ಲಿ ಯಾರೂ ಇಲ್ಲೆ" ಎಂದು ಕಣ್ಣೊರೆಸಿಕೊಂಡಳು.

ಏಪ್ರಿಲ್ ಕೊನೆಗೆ ಮಾಣಿ ಹೆಂಡತಿಯೊಡನೆ ಬಂದ. ಬೆಂಗಳೂರಿನ ಗೆಳೆಯನೊಬ್ಬನ ಎರಡು ಗಾಲಿಯ ಮನೆಯನ್ನು ಜೀಪಿನ ಹಿಂದೆ ಕಟ್ಟಿಕೊಂಡು ತಾನೇ ಎಳೆದು ತಂದಿದ್ದ. ತಂಗಿಯ ಮನೆ ಇರುವುದು ಶಿರಸಿ ಪೇಟೆಯಲ್ಲಿ. ಅಲ್ಲಿ ಸ್ಕೂಟರು ನಿಲ್ಲಿಸಲೂ ಜಾಗವಿಲ್ಲ. ಅಡಿಕೆ ಒಣಗಿಸುವ ಅಂಗಳ ಇರುವುದು ನಮಗೆ. ಹಾಗಾಗಿ ಬಿಳಿಯ ಮೊಟ್ಟೆ ನಮ್ಮ ದಣಪೆಯವರೆಗೆ ಬಂದು ನಿಂತಿತು. ನಿಂತಿತು ಎಂದರೆ ನಿಜಕ್ಕೂ ನಿಂತೇಬಿಟ್ಟಿತು. ದಣಪೆಯ ಎದುರು ಅದನ್ನು ಹಿಂದಕ್ಕೆ ತೆಗೆದು ತಿರುಗಿಸಬೇಕಿತ್ತು. ಟ್ರೇಲರನ್ನು ಹಿಂದಕ್ಕೆ ತೆಗೆಯುವ ವಿದ್ಯೆ ವಿಚಿತ್ರವಾದದ್ದು: ಅದು ಎಡಕ್ಕೆ ಹೋಗಬೇಕಿದ್ದರೆ ಸ್ಟೇರಿಂಗನ್ನು ಬಲಕ್ಕೆ ತಿರುಗಿಸಬೇಕು. ಅಮೆರಿಕದಲ್ಲಿ ಎಲ್ಲ ಕಡೆಯೂ ಮುಂದಕ್ಕೇ ಹೋಗುವಷ್ಟು ಜಾಗವಿದ್ದುದರಿಂದ ಮಾಣಿ ಈ ವಿದ್ಯೆ ಕಲಿತಿರಲಿಲ್ಲ. ಅರ್ಧ ತಾಸಿನಲ್ಲಿ ಜೀಪು ಪೂರ್ವಕ್ಕೂ ಮೊಟ್ಟೆ ದಕ್ಷಿಣಕ್ಕೂ ಮುಖ ಮಾಡಿ, ಜಗಳವಾಡಿದ ಗಂಡ ಹೆಂಡಿರ ಹಾಗೆ ನಿಂತವು.

ಟ್ರ್ಯಾಕ್ಟರ್ ಬಾವನಿಗೆ ಹೇಳಿಕಳಿಸಿದೆವು. ಬಂದ. ಕವಳದ ಬಾಯಿ, ಮಾತಿಲ್ಲ. ಜೀಪು ಹತ್ತಿ, ಒಂದು ಕೈ ಸ್ಟೇರಿಂಗಿನ ಮೇಲೆ, ಕುತ್ತಿಗೆ ಹಿಂದಕ್ಕೆ, ಒಂದೇ ಉಸಿರಿಗೆ ಮೊಟ್ಟೆಯನ್ನು ಅಂಗಳದೊಳಗೆ ಇಟ್ಟ. ಇಳಿದು, ಕವಳ ಉಗಿದು, "ಭಾರ ಇಲ್ಲೆ. ಗೊಬ್ಬರ ಹೇರಿದ್ರೆ ಇನ್ನೂ ಚೊಲೋ ಬತ್ತಿತ್ತು" ಎಂದ. ಬಾವನೂ ಪ್ರವಾಸಕ್ಕೆ ಬರುವುದೆಂದು ಆಗಲೇ ನಿಶ್ಚಯವಾಯಿತು.

ಮಾಣಿಯ ಯೋಜನೆ ಕಾಗದದ ಮೇಲೆ ಚೆನ್ನಾಗಿತ್ತು. ಮೊದಲು ಗೋಕರ್ಣ, ಓಂ ಬೀಚು. ಅಲ್ಲಿಂದ ದಕ್ಷಿಣಕ್ಕೆ ಕುಮಟಾ, ಹೊನ್ನಾವರ, ಮುರ್ಡೇಶ್ವರ, ಕೊನೆಗೆ ಒಂದು ಬದಿಗೆ ಸೌಪರ್ಣಿಕಾ ಒಂದು ಬದಿಗೆ ಸಮುದ್ರವಿರುವ ಮರವಂತೆ. ದಿನಕ್ಕೆ 40 ಕಿಲೋಮೀಟರು, ಅವಸರವಿಲ್ಲ. ಗೋಕರ್ಣವನ್ನು ಆಯಿ ಮೊದಲ ಮಾತಿಗೇ ಹೊಡೆದುಹಾಕಿದಳು. ಗೋಕರ್ಣಕ್ಕೆ ಹೋಗುವುದೆಂದರೆ ಕೋಟಿತೀರ್ಥದಲ್ಲಿ ಮುಳುಗಬೇಕು, ಪುರೋಹಿತರ ಮನೆಗೆ ಹೋಗಬೇಕು, ಅಪ್ಪಯ್ಯನ ಹೆಸರಿನಲ್ಲಿ ಆಗಬೇಕಾದ್ದು ಆಗಬೇಕು. ಚಡ್ಡಿ ಹಾಕಿಕೊಂಡು ಹೋಗಿ ಕಡಲು ನೋಡಿ ಬರುವ ಊರಲ್ಲ ಅದು. ಓಂ ಬೀಚನ್ನು ಫ್ರಾನ್ಸಿನವರೂ ಇಸ್ರೇಲಿನವರೂ ತಿಂಗಳುಗಟ್ಟಲೆ ಕೂತು ನೋಡುತ್ತಾರೆ. ಶಿರಸಿಯವರಾದ ನಮ್ಮಲ್ಲಿ ಅರ್ಧ ಜನ ಪಿಂಡ ಇಟ್ಟು, ಬಸ್ಸಿನ ಹೊತ್ತಾಯಿತೆಂದು ಬಂದವರೇ.

ಹೊರಟದ್ದು ಆರು ಜನ. ಮಾಣಿ, ಅವನ ಹೆಂಡತಿ, ನಾನು, ನನ್ನಾಕೆ, ಆಯಿ, ಟ್ರ್ಯಾಕ್ಟರ್ ಬಾವ. ಹೊರಡುವ ಮುಂಚೆ ಆಯಿ ಮೊಟ್ಟೆಯ ಒಳಹೊಕ್ಕು ಪರೀಕ್ಷೆ ಮಾಡಿದಳು. ಒಲೆ ನೋಡಿ ಸಂತೋಷಪಟ್ಟಳು. ಪಕ್ಕದ ಕಿರುಬಾಗಿಲು ತೆರೆದಳು. ಒಲೆಯಿಂದ ಪಾಯಖಾನೆಗೆ ಎರಡು ಮೊಳ. ಬಾಗಿಲು ಮುಚ್ಚಿದಳು, ಇಳಿದಳು, ಬಾವಿಕಟ್ಟೆಗೆ ಹೋಗಿ ಕಾಲು ತೊಳೆದಳು. "ಇದ್ರೊಳಗೆ ಬೆಂದದ್ದು ಆನು ತಿಂಬವಳಲ್ಲ" ಎಂದಳು. ಒಲೆಯ ಆಯುಷ್ಯ ಅಲ್ಲಿಗೆ ಮುಗಿಯಿತು.

ಶಿರಸಿಯಿಂದ ಕುಮಟಾಕ್ಕೆ 60 ಕಿಲೋಮೀಟರು ದಾರಿ, ನಡುವೆ ದೇವಿಮನೆ ಘಟ್ಟ. ಘಟ್ಟದ ನೆತ್ತಿಯಲ್ಲಿ ದೇವಿಗೆ ಕೈಮುಗಿಯದೆ ನಮ್ಮ ಕಡೆಯ ಗಾಡಿಗಳು ಇಳಿಯುವುದಿಲ್ಲ, ನಾವೂ ನಿಂತೆವು. ಮಾಣಿ ತನ್ನ ಹೆಂಡತಿಗೆ, ಈ ದಾರಿಯಲ್ಲಿ ಟ್ರೇಲರ್ ಕಟ್ಟಿಕೊಂಡು ಕಡಲಿಗೆ ಹೊರಟವರಲ್ಲಿ ನಾವೇ ಮೊದಲಿಗರು ಎನ್ನುತ್ತಿದ್ದ. ನನಗೆ ನಗು ಬಂತು. ಕಳೆದದ್ದರ ಹಿಂದಿನ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿಯೆಲ್ಲ ಎತ್ತಿನ ಗಾಡಿಗಳಲ್ಲಿ ಈ ಘಟ್ಟಗಳನ್ನಿಳಿದು ಕುಮಟಾ ಬಂದರಿಗೆ ಹೋಗಿ, ಅಲ್ಲಿಂದ ಹಡಗು ಹತ್ತಿ ಮುಂಬಯಿ ಸೇರುತ್ತಿತ್ತು. ಬೆಳೆದದ್ದು ಬಯಲುಸೀಮೆಯಾದರೂ ಪೇಟೆಯಲ್ಲಿ ಅದಕ್ಕೆ ಬಿದ್ದ ಹೆಸರು 'ಕುಮಟಾ ಹತ್ತಿ'. 1861ರಿಂದ 1865ರವರೆಗೆ ಅಮೆರಿಕದವರು ತಮ್ಮತಮ್ಮಲ್ಲೇ ಯುದ್ಧ ಮಾಡಿ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ ಈ ಬದಿಯ ಹತ್ತಿಗೆ ಬಂಗಾರದ ಬೆಲೆ ಬಂತು. 1862ರಲ್ಲಿ ನಮ್ಮ ಜಿಲ್ಲೆಯನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರಲ್ಲೂ ಈ ಹತ್ತಿಯ ಕೈವಾಡವಿತ್ತು. ಅಂದರೆ ಅಮೆರಿಕದಲ್ಲಿ ಜಗಳವಾದರೆ ನಮ್ಮ ಘಟ್ಟದಲ್ಲಿ ಗಾಡಿ ಸಾಲು ಉದ್ದವಾಗುತ್ತಿತ್ತು. ಈಗ ಅಲ್ಲಿಂದ ರಜೆ ಸಿಕ್ಕರೂ ಸಾಕು, ಗಾಡಿ ಇಳಿಯುತ್ತದೆ.

ಆಯಿ ತಾನು ಸಣ್ಣವಳಿದ್ದಾಗ ಶಿವರಾತ್ರಿಗೆ ಗಾಡಿಯಲ್ಲಿ ಹೋದದ್ದನ್ನು ನೆನೆಸಿಕೊಂಡಳು. ಗಾಡಿಯಡಿಗೆ ತೂಗುವ ಕಂದೀಲು, ಘಟ್ಟದ ಬುಡದಲ್ಲಿ ಹಳ್ಳದ ಬದಿಗೆ ಮೂರು ಕಲ್ಲಿನ ಒಲೆ, ಅವಲಕ್ಕಿ ಮೊಸರು, ಎತ್ತು ಬಿಚ್ಚಿ ಗಾಡಿಯ ಕೆಳಗೇ ನಿದ್ದೆ. "ಇದೇ ಕ್ಯಾಂಪಿಂಗ್ ಅಮ್ಮಮ್ಮಾ!" ಎಂದು ಮಾಣಿ ಕೂಗಿದ. "ಥೋ, ಎಂತದೂ ಅಲ್ಲ. ಅದು ಬಸ್ಸು ಇಲ್ದೇ ಇದ್ದದ್ದಕ್ಕೆ" ಎಂದಳು ಆಯಿ.

ಘಟ್ಟ ಇಳಿಯುವಷ್ಟರಲ್ಲಿ ಬೆವರು ಶುರು. ಕತಗಾಲದ ಹತ್ತಿರ ನನ್ನಾಕೆಗೆ ಚಿಕ್ಕಮ್ಮನಾಗಬೇಕಾದವರ ಮನೆಯಲ್ಲಿ ಆಸರಿಗೆ ಕುಡಿಯಲು ಐದು ನಿಮಿಷ ನಿಂತೆವು. ಎದ್ದಾಗ ಮೂರೂವರೆ. ನಡುವೆ ಬಾಳೆಯೆಲೆ, ಅಪ್ಪೆಹುಳಿ, ಮಾವಿನಹಣ್ಣಿನ ರಸಾಯನ, ಒಂದು ನಿದ್ದೆ ಎಲ್ಲ ಆಗಿತ್ತು. ದೀವಗಿಯಲ್ಲಿ ಹೆದ್ದಾರಿ ಸೇರಿದಾಗ ಬಲಗಡೆ ಅಘನಾಶಿನಿ ಮೈಚೆಲ್ಲಿ ಮಲಗಿದ್ದಳು. ಅವಳೂ ನಮ್ಮ ಶಿರಸಿಯವಳೇ, ಶಂಕರಹೊಂಡದಲ್ಲಿ ಹುಟ್ಟಿದವಳು. ಎಲ್ಲೂ ಅಣೆಕಟ್ಟಿಗೆ ಸಿಕ್ಕದೆ, ಉಂಚಳ್ಳಿಯಲ್ಲಿ ಒಮ್ಮೆ ಮಾತ್ರ ಅವಸರ ಮಾಡಿ ಹಾರಿ, ಆಮೇಲೆ ಯಾರ ಮನೆಗೂ ಹೋಗದೆ ತದಡಿಯಲ್ಲಿ ಕಡಲು ಸೇರುತ್ತಾಳೆ. ನೆಂಟರಿಲ್ಲದ ಪ್ರವಾಸ ಸಾಧ್ಯವಾದದ್ದು ಅವಳೊಬ್ಬಳಿಗೇ. ನಾವು ಆ ರಾತ್ರಿ ಕುಮಟಾದಲ್ಲಿ ಬಾವನ ಅಕ್ಕನ ಮನೆಯಲ್ಲಿ ಕಳೆದೆವು. ಮೊಟ್ಟೆಯಲ್ಲಿ ಆ ಮನೆಯ ಮಕ್ಕಳು ಮಲಗಿದರು.

ಎರಡನೆಯ ದಿನ ಮಾಣಿ ಹಟ ಹಿಡಿದ. ಇವತ್ತು ಯಾರ ಮನೆಯೂ ಇಲ್ಲ, ಕಡಲೇ. ಸಂಜೆ ಧಾರೇಶ್ವರಕ್ಕೆ ಬಂದೆವು. ಆತ್ಮಲಿಂಗದ ಕತೆಯ ಪಂಚಕ್ಷೇತ್ರಗಳಲ್ಲಿ ಒಂದು ಅದು. ದೇವಸ್ಥಾನಕ್ಕೆ ಹೋಗಿ ಬಂದು, ಗಾಳಿಮರದ ನೆರಳಿನಾಚೆ ಮೊಟ್ಟೆ ನಿಲ್ಲಿಸಿ, ಕಡಲಿಗೆ ಮುಖ ಮಾಡಿ ಕುರ್ಚಿ ಹಾಕಿ, ಬದಿಗೆ ಇದ್ದಿಲ ಒಲೆ ಇಟ್ಟದ್ದಾಯಿತು. ಸೂರ್ಯ ಇಳಿಯುತ್ತಿದ್ದ. ದೂರದಲ್ಲಿ ದೋಣಿಗಳು. ಆಯಿ ನೀರಿಗೆ ಕಾಲಿಟ್ಟು, ತಲೆಗೆ ಪ್ರೋಕ್ಷಿಸಿಕೊಂಡು, ಒಂದು ರೂಪಾಯಿ ಎಸೆದು ಬಂದು, "ಆತಲಾ, ಹೋಪನ?" ಎಂದಳು. "ಅಮ್ಮಮ್ಮಾ, ನಾವು ಬಂದದ್ದೇ ಇದಕ್ಕೆ" ಎಂದ ಮಾಣಿ. ಕೂತಳು. ನಾವೂ ಕೂತೆವು. ಹೇಳಬಾರದು, ಆ ಹತ್ತು ನಿಮಿಷ ಬಹಳ ಚೆನ್ನಾಗಿತ್ತು. ಅಡಿಕೆಯ ದರ, ಕೊಳೆರೋಗ, ಆಳಿನ ತಾಪತ್ರಯ ಯಾವುದೂ ನೆನಪಿಗೆ ಬರಲಿಲ್ಲ. ಎದುರಿಗೆ ಏನೂ ಕೇಳದ, ಏನೂ ಕೊಡದ ಅಷ್ಟು ದೊಡ್ಡದೊಂದು ವಸ್ತುವನ್ನು ನಾನು ಸುಮ್ಮನೆ ಕೂತು ನೋಡಿದ್ದು ಅದೇ ಮೊದಲು.

ಹನ್ನೊಂದನೆಯ ನಿಮಿಷಕ್ಕೆ ಮರಳಿನ ಮೇಲೆ ಪಂಚೆಯುಟ್ಟ ಒಬ್ಬರು ನಡೆದು ಬಂದರು. ಮೊಟ್ಟೆಯನ್ನು ಒಂದು ಸುತ್ತು ಬಂದು ಕೇಳಿದರು: "ಯಾವೂರಾತು?"

"ಶಿರಸಿ" ಎಂದ ಮಾಣಿ ಚುಟುಕಾಗಿ.

"ಶಿರಸಿಯಲ್ಲಿ?"

ನನಗೆ ತಡೆದುಕೊಳ್ಳಲಾಗಲಿಲ್ಲ. "ಹುಲಗೋಳ" ಎಂದುಬಿಟ್ಟೆ. ಮಾಣಿ ತಲೆಮೇಲೆ ಕೈಹೊತ್ತ.

"ಹುಲಗೋಳದಲ್ಲಿ ಯಾರ ಮನೆ?"

ಅಲ್ಲಿಂದ ಮುಂದಿನದು ವಂಶವೃಕ್ಷ ಹತ್ತುವ ಕೆಲಸ. ಅವರ ಹೆಂಡತಿಯ ಅಕ್ಕನನ್ನು ಭೈರುಂಬೆ ಬದಿಗೆ ಕೊಟ್ಟದ್ದು, ಆ ಮನೆಯ ಯಜಮಾನರ ತಂಗಿ ನಮ್ಮ ದೊಡ್ಡಾಯಿಯ ಸೊಸೆ. ಮೂರು ಟೊಂಗೆ ದಾಟುವಷ್ಟರಲ್ಲಿ ಆಯಿ ಕುರ್ಚಿಯಿಂದ ಎದ್ದು, "ಓ, ನೀನು ಆ ಮಾಣಿಯಾ!" ಎಂದಳು. ಅರವತ್ತು ದಾಟಿದ ಆ ಮಾಣಿ ಆಯಿಯ ಕಾಲಿಗೆ ಬಿದ್ದರು. ಎದ್ದು ನಮ್ಮ ಕುರ್ಚಿ ನೋಡಿದರು, ಇದ್ದಿಲ ಒಲೆ ನೋಡಿದರು. ಮುಖ ಸಣ್ಣದಾಯಿತು. "ಎಂಗಳ ಮನೆ ಇಟ್ಕಂಡು ನಿಂಗ ಮರಳಲ್ಲಿ ಮಲಗದಾ? ನಾಳೆ ಊರವು ಎಂತ ಹೇಳ್ತ?"

ಊರವರು ಏನೆನ್ನುತ್ತಾರೆ ಎಂಬ ಪ್ರಶ್ನೆಗೆ ಉತ್ತರವಿಲ್ಲ. ತೆಂಗಿನ ಮರಗಳ ನಡುವಿನ ಓಣಿಯಲ್ಲಿ, ಕತ್ತಲೆಯಲ್ಲಿ, ಟ್ರ್ಯಾಕ್ಟರ್ ಬಾವ ಮೊಟ್ಟೆಯನ್ನು ಹಿಮ್ಮುಖವಾಗಿಯೇ ಕಾಲು ಮೈಲಿ ಒಯ್ದು ಅವರ ಕೊಟ್ಟಿಗೆಯ ಪಕ್ಕ ನಿಲ್ಲಿಸಿದ. ಓಣಿಯ ಎರಡೂ ಬದಿಯ ಮನೆಯವರು ದೀಪ ಹಿಡಿದು ನೋಡಿದರು. ತೇರು ಎಳೆಯುವಾಗಲೂ ಅಷ್ಟು ಶ್ರದ್ಧೆಯಿಂದ ನೋಡುತ್ತಾರೋ ಇಲ್ಲವೋ.

ಆ ಮನೆಯಲ್ಲಿ ಹಲಸಿನಕಾಯಿ ಹಪ್ಪಳದ ಕೆಲಸ ನಡೆದಿತ್ತು. ಘಟ್ಟದ ಕೆಳಗೆ ಹಲಸು ನಮಗಿಂತ ಮುಂಚೆ ಬಲಿಯುತ್ತದೆ. ಬೇಯಿಸಿದ ಸೊಳೆ ಒರಳಿನಲ್ಲಿ ಕುಟ್ಟುವುದು, ಉಂಡೆ ಕಟ್ಟುವುದು, ಮಣೆಯ ಮೇಲೆ ಒತ್ತುವುದು. ಬೆಳಿಗ್ಗೆ ಎದ್ದು ನೋಡಿದರೆ ನನ್ನಾಕೆ ಸೆರಗು ಸಿಕ್ಕಿಸಿ ಒತ್ತಲು ಕೂತಿದ್ದಾಳೆ, ಮಾಣಿಯ ಹೆಂಡತಿ ಉಂಡೆ ಕಟ್ಟುತ್ತಿದ್ದಾಳೆ. ಹೊರಡುವ ಮಾತೇ ಇಲ್ಲ. ಮಧ್ಯಾಹ್ನಕ್ಕೆ ಮಾಣಿ ಓಡಿ ಬಂದ. "ಮಾವಾ, ಫ್ರಿಜ್ಜು ಬಂದಾತು, ಲೈಟೂ ಇಲ್ಲೆ, ಬ್ಯಾಟರಿ ಹೋತು ಕಾಣ್ತು." ವೈರು ನೋಡಿದ, ಫ್ಯೂಜು ನೋಡಿದ, ಬೆಂಗಳೂರಿನ ಗೆಳೆಯನಿಗೆ ಫೋನು ಮಾಡಿದ. ಗೆಳೆಯ, ಮೇಲಿನ ಸೋಲಾರ್ ಹಲಗೆಯ ಮೇಲೆ ನೆರಳು ಬಿದ್ದಿದೆಯೇ ನೋಡು ಎಂದ. ಬಾವ ಏಣಿ ಹಾಕಿ ಹತ್ತಿದ. ಮೇಲಿನಿಂದ ಅವನ ದನಿ ಕೇಳಿತು: "ನೆರಳು ಅಲ್ಲ. ಹಪ್ಪಳ."

ಹಲಗೆಯ ಅಂಗುಲವೂ ಕಾಣದಂತೆ ಸಾಲಾಗಿ ಹರಡಿದ್ದರು. ಮನೆಯ ಅತ್ತಿಗೆಗೆ ಕಿಂಚಿತ್ತೂ ಸಂಕೋಚವಿಲ್ಲ. ಎತ್ತರದ ಜಾಗ, ಕೋಳಿ ನಾಯಿಯ ಕಾಟವಿಲ್ಲ. "ಕರೀ ಕನ್ನಡಿ ಮೇಲೆ ಚಾಪೆಗಿಂತ ಬೇಗ ಒಣಗ್ತು. ಎಷ್ಟು ಲಾಯ್ಕಿದ್ದು! ಇದಕ್ಕೇ ಮಾಡಿಸಿದ್ದಾ?" ಎಂದು ಕೇಳಿದರು. ಮಾಣಿ ಅಲ್ಲ ಎನ್ನಲು ಬಾಯಿ ತೆರೆದು, ಆಯಿಯ ಮುಖ ನೋಡಿ, ಹೌದು ಎಂದ. ಇನ್ನೂ ಎರಡು ದಿನದ ಹಪ್ಪಳ ಉಳಿದಿತ್ತು. ಒಣಗುವವರೆಗೆ ಹೊರಡುವುದು ಹೇಗೆ?

ಹೊನ್ನಾವರ ದೂರವೇನಲ್ಲ. ಕುಮಟಾದಿಂದ 20 ಕಿಲೋಮೀಟರಿನ ಆಸುಪಾಸು. ಹಪ್ಪಳ ಒಣಗಿದ ಮೇಲೆ ಅಲ್ಲಿ ಶರಾವತಿಯ ಸೇತುವೆ ಮುಟ್ಟಿ, ಆಚೆ ಕಾಸರಕೋಡಿನ ಕಡಲತೀರಕ್ಕೆ ಹೋದೆವು. 2020ರಲ್ಲಿ ಸ್ವಚ್ಛತೆಗಾಗಿ ನೀಲಿ ಬಾವುಟ ಸಿಕ್ಕಿದ ತೀರ ಅದು. ಮಾಣಿಯ ಹೆಂಡತಿ ಅರ್ಧ ತಾಸು ನೀರಿನಲ್ಲಿ ಆಡಿದಳು. ಅಷ್ಟರಲ್ಲಿ ಕರ್ಕಿಯ ನೆಂಟರಿಂದ ಎರಡು ಸಲ ಫೋನು ಬಂದಿತ್ತು, ಊಟಕ್ಕೆ ಎಲೆ ಹಾಕಿದ್ದಾರೆಂದು. ಮುರ್ಡೇಶ್ವರದ 123 ಅಡಿಯ ಶಿವನಿಗೆ ಅಲ್ಲಿಂದಲೇ ಕೈಮುಗಿದೆವು. ಮರವಂತೆ ಕಾಗದದಲ್ಲೇ ಉಳಿಯಿತು.

ತಿರುಗಿ ಬರುವಾಗ ಮೊಟ್ಟೆಯ ಒಳಗೆ ಗಾಳಿಯಾಡಲೂ ಜಾಗವಿರಲಿಲ್ಲ. ಮಂಚದ ಮೇಲೆ ಎಂಬತ್ತು ತೆಂಗಿನಕಾಯಿ. ಪಾಯಖಾನೆಯಲ್ಲಿ ಎರಡು ಹಲಸು. ಒಲೆಯ ಮೇಲೆ ಸಾಣಿಕಟ್ಟೆಯ ಉಪ್ಪಿನ ಚೀಲ. ಫ್ರಿಜ್ಜಿನಲ್ಲಿ ಅಂಕೋಲೆಯ ಕರಿ ಇಶಾಡು ಮಾವು. ಬಟ್ಟೆ ತೂಗುಹಾಕುವ ಕೊಕ್ಕೆಗಳಿಗೆಲ್ಲ ಹೆದ್ದಾರಿಯ ಬದಿಗೆ ಜಡೆ ಹೆಣೆದು ಮಾರುವ ಕುಮಟಾದ ಸಿಹಿ ಈರುಳ್ಳಿ. ಘಟ್ಟ ಹತ್ತುವಾಗ ಜೀಪು ಏದುಸಿರು ಬಿಟ್ಟಿತು. "ಈಗ ಚೊಲೋ ಬತ್ತಾ ಇದ್ದು" ಎಂದ ಟ್ರ್ಯಾಕ್ಟರ್ ಬಾವ, ಮೊದಲ ಸಲ ನಗುತ್ತ.

ಮಾಣಿ ಹುಲಗೋಳದ ಅಂಗಳದಲ್ಲಾದರೂ ಒಂದು ರಾತ್ರಿ ಅದರೊಳಗೆ ಮಲಗುತ್ತೇನೆಂದ. ಸಾಮಾನೆಲ್ಲ ಇಳಿಸಿ, ಗುಡಿಸಿ, ಹಾಸಿಗೆ ಹಾಸಿಕೊಂಡ. ಹತ್ತು ಗಂಟೆಗೆ ಆಯಿ ಲಾಟೀನು ಹಿಡಿದು ಹೋಗಿ ಬಾಗಿಲು ತಟ್ಟಿದಳು. "ಜಗಲಿ ಮೇಲೆ ಹಾಸಿದ್ದಿ. ಒಳಗೆ ಬಾ ಮಾಣಿ. ಅಂಗಳದಲ್ಲಿ ಮಲಗಲೆ ಎಂತ ನೆಂಟನ ನೀನು?" ಮಾಣಿ ದಿಂಬು ಹಿಡಿದುಕೊಂಡು ಬಂದ.

ಅವರು ಅಮೆರಿಕಕ್ಕೆ ಹೋದ ವಾರಕ್ಕೆ ಬೆಂಗಳೂರಿನ ಗೆಳೆಯ ನನಗೆ ಫೋನು ಮಾಡಿದ. ಗಾಡಿಯೆಲ್ಲ ಈರುಳ್ಳಿ ವಾಸನೆ ಎಂದು ಬೈಯಬಹುದೆಂದು ಹೆದರುತ್ತ ಎತ್ತಿದೆ. ಅವನು ಬೈಯಲಿಲ್ಲ. ಸೋಲಾರ್ ಹಲಗೆಯ ಸಂದಿಯಲ್ಲಿ ನಾಲ್ಕು ಹಪ್ಪಳ ಸಿಕ್ಕಿವೆ, ಕರಿಯುವುದೋ ಸುಡುವುದೋ ಎಂದು ಕೇಳಿದ.